ಅರೆಟೊಳ್ಳು ಗಿಟಾರಿನ ಹೊಟ್ಟೆಯೊಳಗೆ

ಮಗನೋ ಮಗಳೋ ಗಿಟಾರು ಬೇಕೆಂದು ಹಟ ಹಿಡಿದಾಗ ಪಾಲಕರು ಹೇಗೋ ಹಣ ಹೊಂದಿಸಿ ಕೊಡಿಸುತ್ತಾರೆ. ಆರು ತಿಂಗಳು ಕಳೆಯುವಷ್ಟರಲ್ಲಿ ಅದೇ ಗಿಟಾರಿನ ಸ್ಕ್ರೂ ಬಿಚ್ಚಿ, ಪಿಕಪ್ ಬದಲಿಸುತ್ತೇನೆಂದು ಬೆಸುಗೆ ಕಡ್ಡಿ ಕಾಯಿಸಲು ಕುಳಿತರೆ ಮನೆಯಲ್ಲಿ ಜಗಳ ಶುರು. "ಚಲೋ ಇದ್ದದ್ದನ್ನ ಯಾಕ ಬಿಚ್ಚತೀ?" ಎಂಬ ಪ್ರಶ್ನೆ ಸವಣೂರಿನಲ್ಲಾಗಲಿ ಹಿರೇಕೆರೂರಿನಲ್ಲಾಗಲಿ ಸಹಜವೇ. ಅದಕ್ಕೆ ಸರಿಯಾದ ಉತ್ತರ ಬೇಕಾದರೆ ಕೇಳುವವರೂ ಬಿಚ್ಚುವವರೂ ಆ ವಾದ್ಯದೊಳಗೆ ಏನಿದೆಯೆಂದು ತಿಳಿದುಕೊಳ್ಳಬೇಕು.

ಮೊದಲು ಪಾಲಕರಿಗೆ ಒಂದು ಮಾತು. ಇದು ಪರದೇಶದ ವಾದ್ಯ, ನಮಗೇಕೆ ಎನ್ನಬೇಡಿ. ಹಾನಗಲ್ಲ ತಾಲ್ಲೂಕು ನಾಡಿಗೆ ಪಂಚಾಕ್ಷರ ಗವಾಯಿಗಳನ್ನೂ ಪುಟ್ಟರಾಜ ಗವಾಯಿಗಳನ್ನೂ ಕೊಟ್ಟಿತು. ಪುಟ್ಟರಾಜರ ಬೆರಳಲ್ಲಿ ನಲಿದ ಹಾರ್ಮೋನಿಯಂ ಕೂಡ ಯುರೋಪಿನಿಂದ ಬಂದದ್ದೇ. 1940ರಲ್ಲಿ ಆಕಾಶವಾಣಿ ಅದನ್ನು ಹೊರಗಿಟ್ಟಿತ್ತು. ಆ ಕಟ್ಟು ಸಡಿಲವಾಗಲು ಮೂರು ದಶಕ ಬೇಕಾಯಿತು. ಶಿಗ್ಗಾಂವಿ ತಾಲ್ಲೂಕಿನ ಶಿಶುನಾಳ ಶರೀಫರ ತತ್ವಪದಗಳನ್ನು ಇಂದು ರಘು ದೀಕ್ಷಿತ್ ಗಿಟಾರಿನೊಡನೆ ಹಾಡಿದರೆ ಹೊರನಾಡಿನವರೂ ಕಿವಿಗೊಡುತ್ತಾರೆ. ಇನ್ನು ವಾದ್ಯವನ್ನು ಮಾರ್ಪಡಿಸುವ ಮಾತು. ವಿಶ್ವಮೋಹನ ಭಟ್ಟರು ಗಿಟಾರಿಗೆ ಶ್ರುತಿಯ ತಂತಿಗಳನ್ನೂ ಅನುರಣನದ ತಂತಿಗಳನ್ನೂ ಸೇರಿಸಿ ಮೋಹನವೀಣೆ ಮಾಡಿಕೊಂಡರು. 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಪಡೆದರು.

ಈಗ ವಿದ್ಯಾರ್ಥಿಗಳತ್ತ ಬರೋಣ. ತಂಬೂರಿಗೆ ಸೋರೆಬುರುಡೆ ಏಕೆ? ತಂತಿಯ ಕಂಪನ ಬಲು ಸಣ್ಣದು. ಟೊಳ್ಳಿನ ಗಾಳಿಯೂ ಮರವೂ ಸೇರಿ ಅದನ್ನು ದೊಡ್ಡದು ಮಾಡುತ್ತವೆ. ಸಾದಾ ಗಿಟಾರಿನ ಡಬ್ಬಿಯದೂ ಇದೇ ಕೆಲಸ. ಆದರೆ ಟೊಳ್ಳು ಗಿಟಾರಿಗೆ ವಿದ್ಯುತ್ ಜೋಡಿಸಿ ಧ್ವನಿ ಏರಿಸಿದರೆ ಸ್ಪೀಕರಿನ ಸದ್ದು ಮರಳಿ ಡಬ್ಬಿಯನ್ನೇ ನಡುಗಿಸುತ್ತದೆ. ಜಾತ್ರೆಯ ಮೈಕು ಒಮ್ಮೆಲೇ ಕೂಗಿಕೊಳ್ಳುವುದಿಲ್ಲವೇ? ಹಾಗೆಯೇ ಗಿಟಾರೂ ಊಳಿಡುತ್ತದೆ. ಇದಕ್ಕೆ ಮದ್ದಾಗಿ ಅಮೆರಿಕದ ಗಿಬ್ಸನ್ ಕಂಪನಿ 1958ರಲ್ಲಿ ಇಎಸ್-335 ಎಂಬ ಗಿಟಾರು ತಂದಿತು. ನಡುವೆ ಉದ್ದಕ್ಕೂ ಗಟ್ಟಿ ಮರದ ದಿಂಡು, ಎರಡು ಪಕ್ಕಗಳಲ್ಲಿ ಮಾತ್ರ ಟೊಳ್ಳು. ಇದೇ ಅರೆಟೊಳ್ಳು. ಊಳು ಕಡಿಮೆ, ಆದರೆ ಮರದ ಮಾಧುರ್ಯ ಉಳಿದಿದೆ.

ತಂತಿಯ ಕೆಳಗೆ ಕೂತಿರುವ ಪಿಕಪ್ ನಿಮ್ಮ ಭೌತಶಾಸ್ತ್ರ ಪುಸ್ತಕದ ಪಾಠವೇ. ಸುರುಳಿಯ ಬಳಿ ಕಾಂತಕ್ಷೇತ್ರ ಬದಲಾದರೆ ವಿದ್ಯುತ್ ಹುಟ್ಟುತ್ತದೆಂದು ಮೈಕೇಲ್ ಫ್ಯಾರಡೆ 1831ರಲ್ಲಿ ತೋರಿಸಿದ. ಪಿಕಪ್ಪಿನಲ್ಲಿ ಅಯಸ್ಕಾಂತವಿದೆ, ಅದರ ಸುತ್ತ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತುಗಳಿವೆ. ಉಕ್ಕಿನ ತಂತಿ ಮೇಲೆ ಮಿಡಿದಾಗ ಸುರುಳಿಯಲ್ಲಿ ವಿದ್ಯುತ್ ಮಿಡಿಯುತ್ತದೆ. ನೈಲಾನ್ ತಂತಿ ಹಾಕಿ ನೋಡಿ, ಪಿಕಪ್ ಮೂಕ.

ಆದರೆ ಈ ಸುರುಳಿಗೆ ಮನೆಯ ವಿದ್ಯುತ್ತೂ ಕೇಳಿಸುತ್ತದೆ. ನಮ್ಮಲ್ಲಿ ಸೆಕೆಂಡಿಗೆ 50 ಸಲ ತಿರುಗುವ ಆ ವಿದ್ಯುತ್ತಿನ ಕ್ಷೇತ್ರ ಗುಂಯ್ ಎಂಬ ಸದ್ದಾಗಿ ಹೊರಬರುತ್ತದೆ. 1955ರಲ್ಲಿ ಸೇತ್ ಲವರ್ ಎಂಬ ತಂತ್ರಜ್ಞ ಒಂದು ಜಾಣ ಉಪಾಯ ಹೂಡಿದ. ಎರಡು ಸುರುಳಿಗಳನ್ನು ಪಕ್ಕಪಕ್ಕ ಇಟ್ಟು, ಒಂದರ ಸುತ್ತನ್ನೂ ಕಾಂತದ ಧ್ರುವವನ್ನೂ ತಿರುವುಮುರುವು ಮಾಡಿದ. ಹೊರಗಿನ ಗುಂಯ್‌ಗುಟ್ಟುವಿಕೆ ಎರಡರಲ್ಲೂ ವಿರುದ್ಧವಾಗಿ ಹುಟ್ಟಿ ಅಳಿಯಿತು. ತಂತಿಯ ನಾದ ಮಾತ್ರ ಕೂಡಿಕೊಂಡಿತು. ಇದೇ ಹಂಬಕರ್ ಪಿಕಪ್.

ಹಾಗಾದರೆ ಗಿಟಾರಿನ ಧ್ವನಿ ಹಿಡಿಸದಿದ್ದಾಗ ಏನು ಮಾಡಬೇಕು? ಕಡಿಮೆ ಖರ್ಚಿನಿಂದ ಹೊರಡಿ. ಮೊದಲು ಹೊಸ ತಂತಿ ಹಾಕಿ. ಆಮೇಲೆ ಪಿಕಪ್ಪಿನ ಎರಡು ಪಕ್ಕದ ಸ್ಕ್ರೂ ತಿರುಗಿಸಿ ಅದರ ಎತ್ತರ ಹೊಂದಿಸಿ. ತಂತಿಗೆ ಹತ್ತಿರ ತಂದರೆ ಧ್ವನಿ ಜೋರು. ತೀರಾ ಹತ್ತಿರವಾದರೆ ಅಯಸ್ಕಾಂತವೇ ತಂತಿಯನ್ನೆಳೆದು ನಾದವನ್ನು ಕೊಲ್ಲುತ್ತದೆ. ಧ್ವನಿಯೇ ಬರದಿದ್ದರೆ ಮಲ್ಟಿಮೀಟರ್ ಹಚ್ಚಿ ನೋಡಿ. ಹಂಬಕರಿನ ರೋಧ ಸಾಮಾನ್ಯವಾಗಿ 7ರಿಂದ 9 ಕಿಲೋಓಮ್ ಇರುತ್ತದೆ. ಏನನ್ನೂ ತೋರಿಸದಿದ್ದರೆ ಸುರುಳಿ ಎಲ್ಲೋ ಕಡಿದಿದೆ ಅಥವಾ ಬೆಸುಗೆ ಬಿಟ್ಟಿದೆ. ಪಿಕಪ್ ಬದಲಿಸುವುದು ಕೊನೆಯ ಹೆಜ್ಜೆ. ಹಳೆಯದರ ಅಳತೆಯದನ್ನೇ ಕೊಳ್ಳಿ. ಮರವನ್ನು ಮಾತ್ರ ಕೊಯ್ಯಬೇಡಿ; ಕೊಯ್ದ ಮರ ಮತ್ತೆ ಕೂಡದು.

ಅರೆಟೊಳ್ಳು ಗಿಟಾರಿಗೆ ಸಾಮಾನ್ಯವಾಗಿ ಹಿಂದೆ ಮುಚ್ಚಳ ಇರುವುದಿಲ್ಲ. ಧ್ವನಿ ಏರಿಳಿಸುವ ಗುಂಡಿಗಳ ಯಂತ್ರಭಾಗ ಒಳಗೇ ಇದ್ದು, ಮೇಲಿನ ಸುರುಳಿಯಾಕಾರದ ರಂಧ್ರದಿಂದಲೋ ಪಿಕಪ್ಪಿನ ಗುಂಡಿಯಿಂದಲೋ ಎಳೆದು ತೆಗೆಯಬೇಕು. ಅನುಭವಿಗಳು ಪ್ರತಿಯೊಂದರ ಕಡ್ಡಿಗೂ ಮೊದಲೇ ಗಟ್ಟಿ ದಾರ ಕಟ್ಟಿ, ಇನ್ನೊಂದು ತುದಿಯನ್ನು ಹೊರಗೆ ಬಿಟ್ಟಿರುತ್ತಾರೆ. ಮರಳಿ ಕೂರಿಸುವಾಗ ಆ ದಾರ ಎಳೆದರೆ ಕಡ್ಡಿ ತನ್ನ ರಂಧ್ರಕ್ಕೆ ಬಂದು ನಿಲ್ಲುತ್ತದೆ, ಚಣ್ಣಕ್ಕೆ ಲಾಡಿ ಪೋಣಿಸಿದಂತೆ. ಬಿಚ್ಚುವ ಮೊದಲು ಯಾವ ವೈರು ಎಲ್ಲಿತ್ತೆಂದು ನೋಟ್‌ಬುಕ್ಕಿನಲ್ಲಿ ಚಿತ್ರ ಬರೆಯಿರಿ. ಹಳೆಯ ಭಾಗಗಳನ್ನು ಡಬ್ಬಿಯಲ್ಲಿ ಜೋಪಾನವಾಗಿಡಿ. ಎರಡೂ ಪಿಕಪ್ ಒಟ್ಟಿಗೆ ನುಡಿಸಿದಾಗ ಧ್ವನಿ ಬಡಕಲಾದರೆ ಒಂದರ ಸಂಪರ್ಕ ತಿರುವುಮುರುವಾಗಿದೆಯೆಂದು ತಿಳಿಯಿರಿ.

ಪಾಲಕರು ಒಂದರಲ್ಲಿ ಮಾತ್ರ ಬಿಗಿಯಾಗಿರಬೇಕು. ಪಿಕಪ್ಪಿನಲ್ಲಿ ಹುಟ್ಟುವ ವಿದ್ಯುತ್ ಅತ್ಯಲ್ಪ, ಅದರಿಂದ ಅಪಾಯವಿಲ್ಲ. ಆಂಪ್ಲಿಫೈಯರಿಗೆ ಬರುವುದು 230 ವೋಲ್ಟು. ಗಿಟಾರಿನ ತಂತಿಗಳು ಕೇಬಲ್ ಮೂಲಕ ಅದರ ಅರ್ಥಿಂಗಿಗೆ ಕೂಡಿರುತ್ತವೆ. ಮನೆಯ ಅರ್ಥಿಂಗ್ ಸರಿಯಿಲ್ಲದೆ ಆಂಪ್ಲಿಫೈಯರ್ ಕೆಟ್ಟರೆ ಶಾಕು ನೇರ ಬೆರಳಿಗೆ. ಮೂರು ಪಿನ್ನಿನ ಪ್ಲಗ್ಗಿನ ದಪ್ಪ ಪಿನ್ನನ್ನು ಕಿತ್ತು ಹಾಕಲು ಬಿಡಬೇಡಿ. ಗಿಟಾರು ಬಿಚ್ಚುವಾಗ ಕೇಬಲ್ ಕಳಚಿರಲಿ. ಆಂಪ್ಲಿಫೈಯರಿನ ಒಳಗೆ ಮಕ್ಕಳು ಕೈ ಹಾಕುವುದೇ ಬೇಡ.

ಮಿರಜದಲ್ಲಿ ತಂಬೂರಿ ಮಾಡುವವರು ಕುದುರೆಯನ್ನು ತಾಸುಗಟ್ಟಲೆ ಉಜ್ಜುತ್ತಾರೆ. ನಮ್ಮ ಗಾಯಕರು ಹಾಡಲು ಕೂರುವ ಮೊದಲು ತಂತಿಯ ಕೆಳಗೆ ಜವಾರಿಯ ದಾರವನ್ನು ಕೂದಲೆಳೆಯಷ್ಟು ಆಚೀಚೆ ಸರಿಸಿ, ನಾದ ಅರಳುವ ಜಾಗ ಹುಡುಕುತ್ತಾರೆ. ಅದನ್ನು ವಾದ್ಯ ಕೆಡಿಸುವುದು ಎಂದು ಯಾರೂ ಅನ್ನುವುದಿಲ್ಲ. ಪಿಕಪ್ಪಿನ ಸ್ಕ್ರೂ ತಿರುಗಿಸುವುದೂ ಅದೇ ಜಾತಿಯ ಕೆಲಸ, ಕಿವಿ ಕೇಳುತ್ತ ಕೈ ಮಾಡುವಂಥದು. ಆದ್ದರಿಂದ ಗಿಟಾರು ಬಿಚ್ಚಲು ಹೊರಟ ಮಕ್ಕಳನ್ನು ಗದರಿಸುವ ಮೊದಲು ಎರಡು ಪ್ರಶ್ನೆ ಕೇಳಿ: "ಈಗ ಬರುವ ಧ್ವನಿಯಲ್ಲಿ ಏನು ಕಡಿಮೆ? ಮೊದಲಿದ್ದಂತೆ ಮರಳಿ ಜೋಡಿಸಬಲ್ಲೆಯಾ?" ಎರಡಕ್ಕೂ ಉತ್ತರ ಇದ್ದರೆ ಬೆಸುಗೆ ಕಡ್ಡಿ ಕೊಡಿಸಿ, ಪಕ್ಕದಲ್ಲಿ ಕೂತು ನೋಡಿ. ಇಲ್ಲವಾದರೆ ಇನ್ನೊಂದು ತಿಂಗಳು ನುಡಿಸಲಿ. ಏನು ಬೇಕೆಂದು ಕಿವಿಯೇ ಹೇಳುತ್ತದೆ.