ರಾಮೇಶ್ವರದ ರೈಲು ಪ್ರಯಾಣವೂ ನಮ್ಮ ಹೆಣ್ಣುಮಕ್ಕಳೂ

ಪ್ರವಾಸವು ವಿದ್ಯಾಭ್ಯಾಸದ ಒಂದು ಅಂಗವೆಂದು ಹೇಳದವರಿಲ್ಲ. ಆದರೆ ಹಾಗೆ ಹೇಳುವ ಮನೆಗಳಲ್ಲಿಯೂ, ಪ್ರವಾಸ ಮುಗಿಸಿ ಬಂದ ಮೇಲೆ ಹೆಣ್ಣುಮಕ್ಕಳಿಗೆ ದೊರೆತ ವಿದ್ಯೆ ಎಷ್ಟೆಂಬುದನ್ನು ವಿಚಾರಿಸುವವರು ವಿರಳ. ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿದ್ದಾರೆ. ರಜೆಯಲ್ಲಿ ಮಕ್ಕಳನ್ನು ಎಲ್ಲಿಗೆ ಕರೆದೊಯ್ಯಬೇಕೆಂಬ ಪ್ರಶ್ನೆ ಅವರ ಮನೆಗಳಲ್ಲಿಯೂ ಏಳುತ್ತದೆ. ಆದುದರಿಂದ ಈ ವಿಷಯದಲ್ಲಿ ನಮ್ಮ ಅಭಿಪ್ರಾಯವನ್ನು ಅವರ ಮುಂದೆಯೂ ತಂದೆತಾಯಿಗಳ ಮುಂದೆಯೂ ಇಡುವುದು ಯುಕ್ತವೆಂದು ಭಾವಿಸುತ್ತೇವೆ.

ನಮ್ಮದು ಕಡಲಿಲ್ಲದ ಸೀಮೆ. ಶರಣಸಿರಸಗಿಯಿಂದ ಯಾವ ದಿಕ್ಕಿಗೆ ನೋಡಿದರೂ ಕಾಣುವುದು ಎರೆಯ ಭೂಮಿ, ತೊಗರಿ ಜೋಳಗಳ ಹೊಲ. ಇಂತಹ ಊರಿನ ಕುಟುಂಬವೊಂದು ದ್ವೀಪವನ್ನು ನೋಡಬಯಸಿದರೆ ರಾಮೇಶ್ವರದ ಹೆಸರೇ ಮೊದಲು ನೆನಪಿಗೆ ಬರುತ್ತದೆ. ಕಲಬುರಗಿಯಲ್ಲಿ ರೈಲು ಹತ್ತಿ, ವಾಡಿ, ರಾಯಚೂರು, ಗುಂತಕಲ್ಲುಗಳ ಮಾರ್ಗವಾಗಿ ಚೆನ್ನೈ ಸೇರಿ, ಅಲ್ಲಿಂದ ಬೇರೊಂದು ರೈಲಿನಲ್ಲಿ ದಕ್ಷಿಣಕ್ಕೆ ಸಾಗಿದರೆ ಮಂಡಪಂ ಎಂಬಲ್ಲಿ ಭೂಮಿಯು ಮುಗಿಯುತ್ತದೆ. ಮುಂದೆ ಎರಡು ಕಿಲೋಮೀಟರಿನಷ್ಟು ಸಮುದ್ರ. ಅದರಾಚೆಗೆ ಪಾಂಬನ್ ದ್ವೀಪ. 1988ರಲ್ಲಿ ತೆರೆದ ರಸ್ತೆಯ ಸೇತುವೆಯೊಂದು ಇಲ್ಲಿ ಉಂಟು. ಬೇಗನೆ ತಲುಪಬೇಕೆಂಬ ಆತುರದಿಂದ ಮೋಟಾರಿನಲ್ಲಿ ಅದನ್ನು ದಾಟಿ ಬಿಡುವವರು ಬಹಳ. ಹೋಗುವಾಗಲಾಗಲಿ ಬರುವಾಗಲಾಗಲಿ, ಒಂದು ಸಲವಾದರೂ ಈ ಕಡಲನ್ನು ಹಗಲು ಹೊತ್ತಿನಲ್ಲಿ ರೈಲಿನಲ್ಲಿಯೇ ದಾಟಬೇಕೆಂದೂ, ಆಗ ಕಿಟಕಿಯ ಬಳಿಯ ಸ್ಥಳವು ಮನೆಯ ಹೆಣ್ಣುಮಕ್ಕಳಿಗೆ ಸಲ್ಲಬೇಕೆಂದೂ ನಾವು ಹೇಳುತ್ತೇವೆ. ಇದಕ್ಕೆ ಕಾರಣಗಳುಂಟು.

ಈ ಮಾರ್ಗದ ಚರಿತ್ರೆಯೇ ಒಂದು ಪಾಠ. ಇಲ್ಲಿಯ ಮೊದಲ ರೈಲು ಸೇತುವೆಯನ್ನು 1914ನೆಯ ಫೆಬ್ರವರಿ 24ರಂದು ತೆರೆದರು. ಅದಕ್ಕೆ 145 ಅಂಕಣಗಳು. ಅದರ ನಡುವಿನ ಅಂಕಣವು ಹಡಗುಗಳಿಗೆ ದಾರಿ ಬಿಡುವುದಕ್ಕಾಗಿ, ಬಾಗಿಲಿನ ಎರಡು ಕದಗಳು ಮೇಲ್ಮುಖವಾಗಿ ತೆರೆದಂತೆ ಇಬ್ಭಾಗವಾಗಿ ಏಳುತ್ತಿತ್ತು. ಅಷ್ಟು ಭಾರದ ಕಬ್ಬಿಣವನ್ನು ಕೆಲಸಗಾರರು ಸನ್ನೆಗೋಲುಗಳನ್ನು ಹಿಡಿದು ಕೈಯಿಂದಲೇ ಎಬ್ಬಿಸುತ್ತಿದ್ದರು. ಇದರ ಮೇಲೆ ಹಾದು ರೈಲು ಧನುಷ್ಕೋಡಿಗೆ ಹೋಗುತ್ತಿತ್ತು. ಅಲ್ಲಿ ಪ್ರಯಾಣಿಕರು ಹಡಗನ್ನು ಹತ್ತಿ ಸಿಂಹಳದ ತಲೈಮನ್ನಾರಿನಲ್ಲಿ ಇಳಿದು, ಮತ್ತೆ ರೈಲಿನಲ್ಲಿ ಕೊಲಂಬೊ ಪಟ್ಟಣವನ್ನು ಸೇರುತ್ತಿದ್ದರು.

1964ನೆಯ ಡಿಸೆಂಬರ್ 22ರ ರಾತ್ರಿ ಎದ್ದ ಚಂಡಮಾರುತವು ಧನುಷ್ಕೋಡಿಯನ್ನು ಅಳಿಸಿಬಿಟ್ಟಿತು. ಪಾಂಬನ್ನಿನಿಂದ ಅಲ್ಲಿಗೆ ಹೊರಟಿದ್ದ ರೈಲು, ಒಳಗಿದ್ದ ನೂರಕ್ಕೂ ಹೆಚ್ಚು ಜನರೊಡನೆ ಅಲೆಗಳ ಪಾಲಾಯಿತು. ಸೇತುವೆಯ ತೊಲೆಗಳಲ್ಲಿ ಬಹುಪಾಲು ಕಡಲಿಗೆ ಬಿದ್ದವು. ನಡುವಿನ ಏಳುವ ಅಂಕಣ ಮಾತ್ರ ನಿಂತಿತು. ಆಗ ತರುಣ ಇಂಜಿನಿಯರರಾಗಿದ್ದ ಇ. ಶ್ರೀಧರನ್ ಅವರ ಮೇಲ್ವಿಚಾರಣೆಯಲ್ಲಿ, ನೀರಿನೊಳಗಿಂದ ತೊಲೆಗಳನ್ನು ಎತ್ತಿಸಿ, 46 ದಿನಗಳಲ್ಲಿ ಸೇತುವೆಯನ್ನು ಮತ್ತೆ ನಿಲ್ಲಿಸಿದರು. ಮುಂದೆ ನಮ್ಮ ಕಾರವಾರ, ಉಡುಪಿಗಳ ಕರಾವಳಿಯಲ್ಲಿ ಕೊಂಕಣ ರೈಲ್ವೆಯನ್ನು ಕಟ್ಟಿಸಿದವರೂ ಇವರೇ. ಧನುಷ್ಕೋಡಿಯಲ್ಲಿ ಮುರಿದ ದೇವಾಲಯದ ಗೋಡೆಗಳೂ ನಿಲ್ದಾಣದ ಅವಶೇಷಗಳೂ ಈಗಲೂ ಮರಳಿನ ನಡುವೆ ನಿಂತಿವೆ. ಅವುಗಳ ಮುಂದೆ ನಕ್ಕು ಚಿತ್ರ ತೆಗೆಯಿಸಿಕೊಳ್ಳುವ ಮೊದಲು, ಇಲ್ಲೊಂದು ಊರಿತ್ತೆಂದೂ ಇಲ್ಲಿ ಮಕ್ಕಳು ಆಡುತ್ತಿದ್ದರೆಂದೂ ನಮ್ಮ ಮಕ್ಕಳಿಗೆ ತಿಳಿಯಬೇಡವೆ?

ಉಪ್ಪಿನ ಗಾಳಿಗೆ ಕಬ್ಬಿಣವು ಬಹುಕಾಲ ಬಾಳದು. 2022ರ ಡಿಸೆಂಬರ್ ತಿಂಗಳಿನಿಂದ ಹಳೆಯ ಸೇತುವೆಯ ಮೇಲೆ ರೈಲು ಓಡಿಲ್ಲ. ಅದರ ಪಕ್ಕದಲ್ಲಿಯೇ ಕಟ್ಟಿದ ಹೊಸ ಸೇತುವೆಯನ್ನು 2025ನೆಯ ಏಪ್ರಿಲ್ 6ರಂದು ಪ್ರಧಾನಮಂತ್ರಿಗಳು ತೆರೆದರು. ಇದರ 72.5 ಮೀಟರು ಉದ್ದದ ನಡು ಅಂಕಣವು ಇಬ್ಭಾಗವಾಗದೆ, ಬಾವಿಯ ಕೊಡದಂತೆ ನೇರವಾಗಿ ಮೇಲಕ್ಕೇರುತ್ತದೆ. ಏರಿಸುವುದು ವಿದ್ಯುತ್ತಿನ ಯಂತ್ರ. ಹಳೆಯದರ ಸೊಬಗು ಹೋಯಿತೆಂದು ಮರುಗುವವರನ್ನು ನಾವು ಬಲ್ಲೆವು. ಅವರ ಮರುಕದಲ್ಲಿ ನ್ಯಾಯವಿಲ್ಲದಿಲ್ಲ. ನೀಲಗಿರಿಯಲ್ಲಿ 1908ರಲ್ಲಿ ಉದಕಮಂಡಲವನ್ನು ಮುಟ್ಟಿದ ಹಲ್ಲುಗಂಬಿಯ ರೈಲು ಇಂದಿಗೂ ಓಡುತ್ತಿದೆ. 2005ರಲ್ಲಿ ಅದು ವಿಶ್ವಪರಂಪರೆಯ ಪಟ್ಟಿಗೂ ಸೇರಿತು. ಆದರೆ ಮಕ್ಕಳು ಕುಳಿತ ಬಂಡಿಯನ್ನು ಸವೆದ ಕಬ್ಬಿಣದ ಮೇಲೆ ನಡೆಸಿ ಪರಂಪರೆಯನ್ನು ಉಳಿಸಲಾಗದು. ಹಿಂದಿನವರು ಕಡಲನ್ನು ಹೇಗೆ ದಾಟಿದರು, ಯಾವ ಬೆಲೆಯನ್ನು ತೆತ್ತರು, ಇಂದಿನವರು ಅದರಿಂದ ಏನನ್ನು ಕಲಿತರು ಎಂಬ ತಿಳಿವಳಿಕೆಯೇ ನಿಜವಾದ ಪರಂಪರೆ. ಹೊಸ ಸೇತುವೆಯ ಮೇಲೆ ಹೋಗುವ ಬಾಲಕಿಯು ಪಕ್ಕದ ಹಳೆಯ ಮಾರ್ಗದ ಕಥೆಯನ್ನು ಬಲ್ಲವಳಾದರೆ ಆ ಪರಂಪರೆಯು ಅವಳೊಡನೆ ಪ್ರಯಾಣ ಮಾಡುತ್ತದೆ. ಬಲ್ಲವಳಲ್ಲದಿದ್ದರೆ ಅವಳ ಪಾಲಿಗೆ ಅದು ಬರಿಯ ನೀರು.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇವೆ. ನಮ್ಮ ಕುಟುಂಬಗಳ ಪ್ರಯಾಣವನ್ನು ಗಮನಿಸಿದವರಿಗೆ ಇದು ಹೊಸದಲ್ಲ. ಕಡಕ್ ರೊಟ್ಟಿ, ಶೇಂಗಾ ಹಿಂಡಿಗಳ ಗಂಟನ್ನು ಕಟ್ಟುವವಳು ಅವ್ವ. ಬಂಡಿಯಲ್ಲಿ ಅದನ್ನು ಬಿಚ್ಚಿ ಬಡಿಸುವವಳೂ ಅವಳೇ. ಕೂಸನ್ನು ತೂಗುವವಳು ಹಿರಿಯ ಮಗಳು. ಸಾಮಾನುಗಳನ್ನು ಎಣಿಸುವವಳೂ ಅವಳೇ. ಕಿಟಕಿಯ ಬಳಿಯ ಸ್ಥಳವು ಕೇಳದೆಯೇ ಗಂಡುಮಕ್ಕಳಿಗೆ ಸೇರುತ್ತದೆ. ಸೇತುವೆ ಬಂದಾಗ ಎಲ್ಲರೂ ಕಡಲನ್ನು ನೋಡುತ್ತಾರೆ. ಇವರಿಬ್ಬರು ಬುತ್ತಿಯ ಡಬ್ಬಿಯ ಮುಚ್ಚಳವನ್ನು ಹುಡುಕುತ್ತಿರುತ್ತಾರೆ. ಊರಿಗೆ ಮರಳಿದ ಮೇಲೆ ಕಡಲ ವರ್ಣನೆಯನ್ನು ತಮ್ಮನಿಂದ ಕೇಳಬೇಕಾದ ಅಕ್ಕಂದಿರು ಎಷ್ಟು ಜನವಿಲ್ಲ! ಶಾಲೆಯಲ್ಲಿ ಭೂಗೋಳವನ್ನು ಓದಿದ ಹುಡುಗಿಗೆ ಭೂಗೋಳವು ಎದುರಿಗೆ ಬಂದಾಗ ನೋಡಲು ಬಿಡುವಿಲ್ಲವೆಂದರೆ, ನಾವು ಕೊಟ್ಟ ವಿದ್ಯೆಯ ಅರ್ಧವನ್ನು ನಾವೇ ಹಿಂದಕ್ಕೆ ಪಡೆದಂತಲ್ಲವೆ?

ಆದುದರಿಂದ ತಂದೆಗಳಲ್ಲಿ ನಮ್ಮ ಬಿನ್ನಹವಿಷ್ಟೆ. ಮಂಡಪಂ ದಾಟುವುದರೊಳಗೆ ಊಟ ಮುಗಿದಿರಲಿ. ಕೂಸು ಸ್ವಲ್ಪ ಹೊತ್ತು ಅಪ್ಪನ ತೊಡೆಯ ಮೇಲಿರಲಿ. ತಾಯಿಯೂ ಮಗಳೂ ಕಿಟಕಿಯ ಬಳಿ ಕುಳಿತುಕೊಳ್ಳಲಿ. ಬಾಗಿಲಿನಲ್ಲಿ ಯಾರೂ ನಿಲ್ಲುವುದು ಬೇಡ. ಮಗಳು ಪ್ರಶ್ನೆ ಕೇಳಿದರೆ, ಅದೆಲ್ಲಾ ನಿನಗೇಕೆ ಎಂದು ಬಾಯಿ ಮುಚ್ಚಿಸುವುದು ಬೇಡ. ಉತ್ತರ ತಿಳಿಯದಿದ್ದರೆ ಇಬ್ಬರೂ ಕೂಡಿ ಹುಡುಕಬಹುದು.

ರಾಮೇಶ್ವರಕ್ಕೆ ಹೋಗುವಷ್ಟು ಹಣ ಎಲ್ಲರಲ್ಲಿ ಎಲ್ಲಿಯದು ಎಂದು ಕೇಳುವವರಿದ್ದಾರೆ. ಈ ಪ್ರಶ್ನೆಯು ಸಾಧುವಾದುದೇ. ಅಂಥವರು ಹತ್ತಿರದಿಂದಲೇ ಆರಂಭಿಸಬಹುದು. ನಮ್ಮ ಕಲಬುರಗಿಯ ಮಾರ್ಗವೇ ಹಳೆಯದು. ಮುಂಬಯಿಯಿಂದ ಬಂದ ಹಳಿಯೂ ಮದರಾಸಿನಿಂದ ಬಂದ ಹಳಿಯೂ ರಾಯಚೂರಿನಲ್ಲಿ ಕೂಡಿಕೊಂಡುದು 1871ರಲ್ಲಿ. ರಾಯಚೂರಿನ ಈಚೆಗೆ ಕೃಷ್ಣೆಯನ್ನೂ ಆಚೆಗೆ ತುಂಗಭದ್ರೆಯನ್ನೂ ಈ ರೈಲು ದಾಟುತ್ತದೆ. ಕಮಲಾಪುರದ ಕಡೆಯವರಿಗಂತೂ ರೈಲೇ ಹೊಸದು. ಕೆಂಬಾಳೆಗೆ ಹೆಸರಾದ ಆ ಊರಿನ ಮೇಲೆ ಹಾದು ಬೀದರಿಗೆ ಹೋಗುವ ಮಾರ್ಗವನ್ನು ತೆರೆದುದು 2017ರ ಅಕ್ಟೋಬರಿನಲ್ಲಿ. ಅಲ್ಪ ವೆಚ್ಚದಲ್ಲಿ ಒಂದು ದಿನ ಆ ದಾರಿಯಲ್ಲಿ ಹೋಗಿಬಂದರೂ ನೋಡುವ ಕಣ್ಣಿಗೆ ಪಾಠವುಂಟು.

ಪ್ರಿಯ ಹಳೆಯ ವಿದ್ಯಾರ್ಥಿನಿಯರೇ, ನಿಮ್ಮಲ್ಲಿ ಕೆಲವರಿಗೆ ಬಾಲ್ಯದಲ್ಲಿ ಈ ಅವಕಾಶ ದೊರೆಯದಿರಬಹುದು. ನಿಮ್ಮ ಹೆಣ್ಣುಮಕ್ಕಳಿಗೆ ದೊರೆಯುವಂತೆ ಮಾಡುವುದು ಈಗ ನಿಮ್ಮ ಕೈಯಲ್ಲಿದೆ. ಮಗಳನ್ನು ಕಿಟಕಿಯ ಬಳಿ ಕೂರಿಸಿರಿ. ನೀವೂ ಅವಳ ಪಕ್ಕದಲ್ಲಿ ಕುಳಿತುಕೊಳ್ಳಿರಿ. ಗಂಟನ್ನು ಸ್ವಲ್ಪ ಹೊತ್ತು ಬೇರೆಯವರು ಕಾಯಲಿ.