ಗಂಟುಮೂಟೆ ಕಟ್ಟುವ ಮುಂಚೆ ಎರಡೂ ಊರಿನ ಹಾಡು ಕೇಳಿ!

ಕನ್ನಡದ ತರುಣ ಮಿತ್ರರೇ,

ನಿಮ್ಮಲ್ಲಿ ಕೆಲವರ ಬಾಯಲ್ಲಿ ಈಚೆಗೆ ಒಂದೇ ರಾಗ. "ಬೆಂಗಳೂರಲ್ಲಿ ಏನಿದೆ ಸಾರ್? ಟ್ರಾಫಿಕ್ಕು, ಬಾಡಿಗೆ, ಧೂಳು. ನಿಜವಾದ ಸಂಗೀತ ಬೇಕಂದ್ರೆ ಚೆನ್ನೈಗೇ ಹೋಗ್ಬೇಕು." ಕಂಪನಿಯವರು ಚೆನ್ನೈಗೆ ವರ್ಗ ಮಾಡುತ್ತೇವೆ ಎಂದರೆ ಸಾಕು, ಸಂಗೀತದ ಹೆಸರು ಹೇಳಿ ಒಂದು ಕಾಲು ಆಗಲೇ ರೈಲಿನಲ್ಲಿ.

ಹೋಗಿ. ಸಂಬಳಕ್ಕಾಗಿ ಹೋಗುವವರನ್ನು ತಡೆಯುವ ಹಕ್ಕು ನಮಗಿಲ್ಲ. ಆದರೆ ಸಂಗೀತಕ್ಕಾಗಿ ಹೋಗುತ್ತೇನೆ ಎನ್ನುವವರು ಎರಡೂ ಊರಿನ ಲೆಕ್ಕ ನೋಡಿ ಹೋಗಿ. ಆ ಲೆಕ್ಕ ಇಲ್ಲಿದೆ. ಚೆನ್ನೈಯನ್ನು ಬೈದು ಚಪ್ಪಾಳೆ ಗಿಟ್ಟಿಸುವ ಆಸೆ ನಮಗಿಲ್ಲ. ಬೈಯುವುದು ಸುಲಭ, ಕಲಿಯುವುದು ಕಷ್ಟ.

ಮೊದಲು ಚೆನ್ನೈ. ಆ ಊರಿನ ದೊಡ್ಡತನ ಒಪ್ಪದೆ ವಿಧಿಯಿಲ್ಲ. 1927ರ ಕಾಂಗ್ರೆಸ್ ಅಧಿವೇಶನದ ಜೊತೆ ಅಲ್ಲಿ ಸಂಗೀತ ಸಮ್ಮೇಳನ ನಡೆಯಿತು. ಅದರಿಂದ 1928ರಲ್ಲಿ ಮ್ಯೂಸಿಕ್ ಅಕಾಡೆಮಿ ಹುಟ್ಟಿತು. ಇವತ್ತಿಗೂ ಡಿಸೆಂಬರ್ ಬಂತೆಂದರೆ ಮೈಲಾಪುರ, ತ್ಯಾಗರಾಯನಗರದ ಸಭಾಗಳಲ್ಲಿ ಬೆಳಿಗ್ಗೆಯಿಂದ ರಾತ್ರಿಯವರೆಗೆ ಕಛೇರಿ. ನಾರದ ಗಾನ ಸಭಾ, ಕೃಷ್ಣ ಗಾನ ಸಭಾ, ವಾಣಿ ಮಹಲ್, ಹೀಗೆ ಒಂದರಿಂದ ಎದ್ದು ಇನ್ನೊಂದಕ್ಕೆ ಓಡಬಹುದು. ಸಂಜೆಯ ದೊಡ್ಡ ಕಛೇರಿಗೆ ಟಿಕೆಟ್ ಇದ್ದರೂ ಬೆಳಗಿನ, ಮಧ್ಯಾಹ್ನದ ಎಷ್ಟೋ ಕಛೇರಿಗಳಿಗೆ ಕಾಸು ಕೊಡಬೇಕಾಗಿಲ್ಲ. ಹೊಸ ಹುಡುಗ ಹುಡುಗಿಯರು ಹಾಡುವುದು ಆ ಹೊತ್ತಿನಲ್ಲೇ. ಸಭಾ ಕ್ಯಾಂಟೀನಿನ ತಿಂಡಿಗೆಂದೇ ಬರುವವರೂ ಉಂಟು. ಹಾಡು, ಕಾಫಿ, ಹರಟೆ ಮೂರೂ ಸೇರಿದರೆ ಅದು ಊರಿನ ಹಬ್ಬ.

ಆ ಹಬ್ಬದಲ್ಲಿ ನಮ್ಮವರಿಗೂ ಮಣೆ ಹಾಕಿದ್ದಾರೆ. ಮೈಸೂರು ವಾಸುದೇವಾಚಾರ್ಯರು 1935ರಲ್ಲೇ ಅಕಾಡೆಮಿಯ ಸಮ್ಮೇಳನದ ಅಧ್ಯಕ್ಷರು. ತಿರುಮಕೂಡಲು ಚೌಡಯ್ಯನವರಿಗೆ 1957ರಲ್ಲಿ, ವೀಣೆ ದೊರೆಸ್ವಾಮಿ ಅಯ್ಯಂಗಾರರಿಗೆ 1984ರಲ್ಲಿ, ಆರ್.ಕೆ. ಶ್ರೀಕಂಠನ್ ಅವರಿಗೆ 1995ರಲ್ಲಿ ಸಂಗೀತ ಕಲಾನಿಧಿ ಬಿರುದು ಸಂದಿತು. ಇದನ್ನು ಮರೆತು ಮಾತನಾಡುವುದು ನ್ಯಾಯವಲ್ಲ.

ಆದರೆ ಒಂದು ಮಾತು. ಜಾತ್ರೆಯ ದಿನ ಊರು ನೋಡಿ ಮನೆ ಮಾಡಬೇಡಿ! ಡಿಸೆಂಬರ್‌ನಲ್ಲಿ ಮೂರು ದಿನ ಹೋಗಿ ಬಂದವನು ಚೆನ್ನೈ ಸ್ವರ್ಗ ಎನ್ನುತ್ತಾನೆ. ಬಾಡಿಗೆ ಮನೆಯಲ್ಲಿ ಜುಲೈ ತಿಂಗಳೂ ಕಳೆಯಬೇಕಲ್ಲ? ಜುಲೈನ ಒಂದು ಬುಧವಾರ ಹೋಗಿ ನೋಡಿ. ಸಭಾಗಳಿರುತ್ತವೆ, ಕಛೇರಿಗಳೂ ಇರುತ್ತವೆ, ಆ ಹುಚ್ಚು ಹೊಳೆ ಇರುವುದಿಲ್ಲ. ಗಿಟಾರು, ಡ್ರಮ್ಮು, ರ‍್ಯಾಪ್ ಬೇಕೆನ್ನುವವರಿಗೆ ಇನ್ನೂ ಒಂದು ತೊಡಕು. ಅಲ್ಲಿ ಮದ್ಯದ ಅಂಗಡಿಗಳು ಸರ್ಕಾರದ ಟಾಸ್ಮಾಕ್ ಕೈಯಲ್ಲಿ. ಅದು ಬಿಟ್ಟರೆ ಹೆಚ್ಚಾಗಿ ದೊಡ್ಡ ಹೋಟೆಲು, ಕ್ಲಬ್ಬುಗಳಿಗಷ್ಟೇ ಬಾರ್ ಪರವಾನಗಿ. ಹಾಗಾಗಿ ಇಂದಿರಾನಗರ, ಕೋರಮಂಗಲದಲ್ಲಿ ಬ್ಯಾಂಡುಗಳಿಗೆ ಸಿಗುವಷ್ಟು ಸಣ್ಣ ವೇದಿಕೆಗಳು ಅಲ್ಲಿಲ್ಲ.

ಸಭಾದ ಒಳಗೂ ಎಲ್ಲರಿಗೂ ಜಾಗ ಇರಲಿಲ್ಲ. ಗಾನಾ ಹಾಡುವ ಉತ್ತರ ಚೆನ್ನೈನ ಹುಡುಗರಿಗೆ, ಪರೈ ಬಾರಿಸುವ ಕೈಗಳಿಗೆ ಮೈಲಾಪುರದ ಬಾಗಿಲು ತೆರೆದಿರಲಿಲ್ಲ. ಅವರು ಅಳುತ್ತಾ ಕೂರಲಿಲ್ಲ. ನಿರ್ದೇಶಕ ಪಾ. ರಂಜಿತ್ ಬೆನ್ನಿಗೆ ನಿಂತರು. 2018ರ ಜನವರಿಯಲ್ಲಿ 'ಕಾಸ್ಟ್‌ಲೆಸ್ ಕಲೆಕ್ಟಿವ್' ವೇದಿಕೆ ಏರಿತು. 2020ರ ಡಿಸೆಂಬರ್‌ನಲ್ಲಿ 'ಮಾರ್ಗಳಿಯಿಲ್ ಮಕ್ಕಳ್ ಇಸೈ', ಅಂದರೆ ಮಾರ್ಗಶಿರದಲ್ಲಿ ಜನರ ಸಂಗೀತ, ಎಂಬ ಉತ್ಸವವೇ ಶುರುವಾಯಿತು. ಪಾರ್ಕು, ಬೀಚುಗಳಲ್ಲಿ ಜನಪದ ಕಲಾವಿದರನ್ನು ಕುಣಿಸಿದ 'ಚೆನ್ನೈ ಸಂಗಮಂ' 2007ರಲ್ಲಿ ಹುಟ್ಟಿ, ನಡುವೆ ನಿಂತು, 2023ರಲ್ಲಿ ಮತ್ತೆ ಎದ್ದು ಬಂತು.

ಇನ್ನು ನಮ್ಮ ಊರಿಗೆ ಬನ್ನಿ. ಬೆಂಗಳೂರಲ್ಲಿ ಏನಿದೆ ಎಂದು ಕೇಳಿದಿರಲ್ಲ? ಗಾಯನ ಸಮಾಜ 1905ರದು. ಮದರಾಸಿನ ಅಕಾಡೆಮಿಗಿಂತ ಇಪ್ಪತ್ತಮೂರು ವರ್ಷ ಹಿರಿಯದು! ಚಾಮರಾಜಪೇಟೆಯ ಶ್ರೀರಾಮಸೇವಾ ಮಂಡಳಿ 1939ರಿಂದ ರಾಮನವಮಿ ಸಂಗೀತೋತ್ಸವ ನಡೆಸುತ್ತಿದೆ. ಕೋಟೆ ಹೈಸ್ಕೂಲು ಮೈದಾನದ ಚಪ್ಪರದಲ್ಲಿ ದೇಶದ ದೊಡ್ಡ ದೊಡ್ಡ ವಿದ್ವಾಂಸರೆಲ್ಲ ಹಾಡಿದ್ದಾರೆ. ಟಿಕೆಟ್ಟಿಗೆ ಕಾಸಿಲ್ಲದವರು ಹೊರಗೆ ಫುಟ್‌ಪಾತಿನ ಮೇಲೆ ಕೂತು ಕೇಳಿದ್ದಾರೆ. ಪಿಟೀಲಿನ ಆಕಾರದಲ್ಲಿ ಕಟ್ಟಿದ ಚೌಡಯ್ಯ ಸ್ಮಾರಕ ಭವನ 1980ರಿಂದ ನಿಂತಿದೆ. ಒಬ್ಬ ಸಂಗೀತಗಾರನಿಗೆ ಅವನ ವಾದ್ಯದ ಆಕಾರದಲ್ಲೇ ಗುಡಿ ಕಟ್ಟಿದ ಊರು ನಮ್ಮದು. ಜೆ.ಸಿ. ರಸ್ತೆಯಲ್ಲಿ ಕಲಾಕ್ಷೇತ್ರವಿದೆ, ಬಸವನಗುಡಿಯ ವರ್ಲ್ಡ್ ಕಲ್ಚರ್ ಸಂಸ್ಥೆಯಲ್ಲಿ ಬಿಟ್ಟಿ ಕಛೇರಿಗಳಿವೆ.

ಸುಗಮ ಸಂಗೀತ ಎಂಬುದೊಂದು ನಮ್ಮದೇ ಆಸ್ತಿ. ಕವಿಯ ಪದ್ಯವನ್ನು ಸಾವಿರಾರು ಜನ ಕೂತು ಕೇಳುವ ಚಾಳಿ ಇಷ್ಟು ಬಲವಾಗಿ ಬೆಳೆದಿರುವ ಊರು ಹೆಚ್ಚಿಲ್ಲ. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿ ರಾಗ ಹಾಕಿದ 'ನಿತ್ಯೋತ್ಸವ' ಕ್ಯಾಸೆಟ್ 1978ರಲ್ಲಿ ಮನೆಮನೆಗೆ ಹೋಯಿತು. 2005ರಲ್ಲಿ ಅರಮನೆ ಮೈದಾನದಲ್ಲಿ ಸಿ. ಅಶ್ವಥ್ 'ಕನ್ನಡವೇ ಸತ್ಯ' ನಡೆಸಿದಾಗ ನೆರೆದದ್ದು ಜನಸಾಗರ. ಅದೇ ಮೈದಾನಕ್ಕೆ 2003ರಲ್ಲಿ ರೋಲಿಂಗ್ ಸ್ಟೋನ್ಸ್, 2007ರಲ್ಲಿ ಐರನ್ ಮೇಡನ್, 2011ರಲ್ಲಿ ಮೆಟಾಲಿಕಾ ಬಂದು ಹೋದವು. ರಘು ದೀಕ್ಷಿತ್ ಶಿಶುನಾಳ ಷರೀಫರ ತತ್ವಪದಗಳನ್ನು ಗಿಟಾರಿಗೆ ಏರಿಸಿ ಲಂಡನ್ನಿನವರೆಗೂ ಕೊಂಡೊಯ್ದರು. ಆಲ್ ಓಕೆ, ರಾಹುಲ್ ಡಿಟ್ಟೊ ಥರದವರು ಕನ್ನಡದಲ್ಲೇ ರ‍್ಯಾಪ್ ಹಾಡಿ ಹುಡುಗರನ್ನು ಕುಣಿಸುತ್ತಿದ್ದಾರೆ. ಇಷ್ಟು ಬಗೆ ಒಂದೇ ಊರಿನಲ್ಲಿ ಸಿಗುವುದು ಸಣ್ಣ ಮಾತಲ್ಲ.

ಹಾಗಾದರೆ ಬೆಂಗಳೂರಿಗೆ ಏನು ಕೊರತೆ?

ಒಂದು, ಸರ್ಕಾರದ ಕಣ್ಣಿಗೆ ಹಾಡು ಇನ್ನೂ ಗಲಾಟೆಯ ಪ್ರಶ್ನೆ. ಡ್ಯಾನ್ಸ್ ಬಾರುಗಳನ್ನು ಹಿಡಿತಕ್ಕೆ ತರಲು 2005ರಲ್ಲಿ ಪರವಾನಗಿ ಆದೇಶ ಬಂತು. ಸುಪ್ರೀಂ ಕೋರ್ಟು 2018ರ ಜನವರಿಯಲ್ಲಿ ಅದನ್ನು ಎತ್ತಿಹಿಡಿಯಿತು. ಊಟದ ಹೋಟೆಲಿನ ಮೂಲೆಯಲ್ಲಿ ಗಿಟಾರ್ ಹಿಡಿದು ಕೂತವನೂ ಅದೇ ಬಲೆಗೆ ಬಿದ್ದ! ಪರವಾನಗಿ ಇಲ್ಲದ ಎಷ್ಟೋ ಕಡೆ ಆ ವರ್ಷ ಹಾಡು ನಿಂತಿತು. ಇಂದಿರಾನಗರದಲ್ಲಿ ಹೊಸ ಬ್ಯಾಂಡುಗಳಿಗೆ ತವರಿನಂತಿದ್ದ 'ಹಮ್ಮಿಂಗ್ ಟ್ರೀ' 2019ರಲ್ಲಿ ಬಾಗಿಲು ಹಾಕಿತು. 2025ರ ಫೆಬ್ರವರಿಯಲ್ಲಿ ಎಡ್ ಶೀರನ್ ಚರ್ಚ್ ಸ್ಟ್ರೀಟಿನಲ್ಲಿ ಹಾಡುತ್ತಿದ್ದಾಗ ಪೊಲೀಸರು ಮೈಕಿನ ವೈರು ಕಿತ್ತರು. ಅನುಮತಿ ಇತ್ತು ಎಂದು ಅವರು, ಇರಲಿಲ್ಲ ಎಂದು ಪೊಲೀಸರು. ಲೋಕವೆಲ್ಲ ಅದನ್ನು ನೋಡಿ ನಕ್ಕಿತು. ಅಷ್ಟು ದೊಡ್ಡವನ ಪಾಡೇ ಇದಾದರೆ, ಬೀದಿ ಬದಿಯಲ್ಲಿ ತಂಬೂರಿ ಹಿಡಿದು ಕೂರುವ ನಮ್ಮ ತತ್ವಪದಕಾರನ ಗತಿ ಏನು? ಅವನ ಸುದ್ದಿ ಯಾವ ಟೀವಿಯಲ್ಲೂ ಬರುವುದಿಲ್ಲ.

ಎರಡನೆಯದು ಇದಕ್ಕಿಂತ ದೊಡ್ಡದು. ಸ್ವಲ್ಪ ನೋವಾದೀತು, ಕೇಳಿಸಿಕೊಳ್ಳಿ. ಬೆಂಗಳೂರಿನ ಕೊರತೆ ಹಾಡುವವರದಲ್ಲ, ಕೇಳುವವರದು. ಅಂದರೆ ನಿಮ್ಮದು.

ಚೆನ್ನೈನಲ್ಲಿ ಇವತ್ತು "ತಮಿಳು ಹಾಡು ಹಾಡಿ" ಎಂದು ಯಾರೂ ಗಂಟಲು ಹರಿದುಕೊಳ್ಳಬೇಕಾಗಿಲ್ಲ. ಅದು ಆಕಾಶದಿಂದ ಉದುರಿದ್ದಲ್ಲ. ಒಂದು ಕಾಲದಲ್ಲಿ ಅಲ್ಲಿನ ಕಛೇರಿಗಳಲ್ಲೂ ತೆಲುಗು, ಸಂಸ್ಕೃತದ್ದೇ ಮೇಲುಗೈ. ತಮಿಳಿಗೆ ಕೊನೆಯ ಹದಿನೈದು ನಿಮಿಷ. ರಾಜಾ ಅಣ್ಣಾಮಲೈ ಚೆಟ್ಟಿಯಾರ್ ಥೈಲಿ ಬಿಚ್ಚಿದರು. ಲೇಖಕ ಕಲ್ಕಿ ಪತ್ರಿಕೆಯಲ್ಲಿ ಬರೆದರು. ಸಂಗೀತಕ್ಕೆ ಭಾಷೆಯ ಕಟ್ಟು ಬೇಡ ಎಂದು ಅಕಾಡೆಮಿಯ ಹಿರಿಯರು ವಾದಿಸಿದರು. ವಾದಕ್ಕೆ ವಾದ ನಡೆಯಿತು. 1943ರಲ್ಲಿ ತಮಿಳ್ ಇಸೈ ಸಂಗಂ ಹುಟ್ಟಿತು. ಅವರು ಯಾರ ಕಛೇರಿಗೂ ಕಲ್ಲು ಹೊಡೆಯಲಿಲ್ಲ. ತಮ್ಮದೇ ವೇದಿಕೆ ಕಟ್ಟಿದರು, ತಮ್ಮ ಹಾಡಿಗೆ ಹಣ ಕೊಟ್ಟರು, ಎಂ.ಎಸ್. ಸುಬ್ಬುಲಕ್ಷ್ಮಿಯಂಥವರು ಅಲ್ಲಿ ಬಂದು ಹಾಡಿದರು. ತ್ಯಾಗರಾಜರಿಗೆ ಇದರಿಂದ ಕಿಂಚಿತ್ತೂ ನಷ್ಟವಾಗಲಿಲ್ಲ. ತಮಿಳಿಗೆ ಲಾಭವಾಯಿತು.

ನಮ್ಮ ಕಥೆ ನೋಡಿ. ಕರ್ನಾಟಕ ಸಂಗೀತದ ಪಿತಾಮಹ ಎಂದು ಇಡೀ ದಕ್ಷಿಣವೇ ಕೈಮುಗಿಯುವುದು ಪುರಂದರದಾಸರಿಗೆ. ಮೈಲಾಪುರದ ಮಗು ಕೂಡ ಗೀತೆ ಕಲಿಯಲು ಬಾಯಿ ತೆರೆಯುವುದು ದಾಸರ ಪಿಳ್ಳಾರಿ ಗೀತೆಯಿಂದ. ಅಂಥ ದಾಸರ ನಾಡಿನ ರಾಜಧಾನಿಯಲ್ಲಿ ದೇವರನಾಮಕ್ಕೆ ಸಿಗುವ ಜಾಗ ಎಲ್ಲಿ? ತನಿ ಆವರ್ತನ ಮುಗಿದು ಜನ ಚಪ್ಪಲಿ ಹುಡುಕುವ ಹೊತ್ತಿನಲ್ಲಿ! ಶ್ರೀಕಂಠನ್ ಅವರು ಹರಿದಾಸರ ಕೃತಿಗಳನ್ನೇ ಹಿಡಿದು ಪೂರ್ತಿ ಕಛೇರಿ ನಡೆಸಿ, ಇದು ಆಗುತ್ತದೆ ಎಂದು ತೋರಿಸಿದರು. ಆ ದಾರಿಯಲ್ಲಿ ನಡೆದವರು ಎಷ್ಟು ಮಂದಿ? ಅದಕ್ಕಿಂತ ಮುಖ್ಯ, ನಡೆಯಿರಿ ಎಂದು ಟಿಕೆಟ್ ಕೊಂಡವರು ಎಷ್ಟು ಮಂದಿ?

2025ರಲ್ಲಿ ಕಾಲೇಜೊಂದರ ಉತ್ಸವದಲ್ಲಿ ಹೊರಗಿನ ಗಾಯಕರೊಬ್ಬರಿಗೆ ಕನ್ನಡ ಹಾಡು ಹಾಡಿ ಎಂದು ಹುಡುಗರು ಕೂಗಿದರು. ಅದಕ್ಕೆ ಅವರು ಆಡಿದ ಮಾತು ನಾಡಿಗೆಲ್ಲ ನೋವು ತಂದಿತು, ಕೊನೆಗೆ ಕ್ಷಮೆ ಕೇಳಿದರು. ಕನ್ನಡ ಹಾಡು ಕೇಳುವುದು ನಮ್ಮ ಹಕ್ಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಪ್ರಶ್ನೆ. ಹೊರಗಿನವರ ಕಾರ್ಯಕ್ರಮಕ್ಕೆ ಸಾವಿರಗಟ್ಟಲೆ ಕೊಟ್ಟು ಅಲ್ಲಿ ಹೋಗಿ "ಕನ್ನಡ, ಕನ್ನಡ" ಎಂದು ಕೂಗುವ ನಾವು, ಮರುದಿನ ಕನ್ನಡದಲ್ಲೇ ಹಾಡುವ ಹುಡುಗಿಯ ಕಾರ್ಯಕ್ರಮಕ್ಕೆ ಇನ್ನೂರು ರೂಪಾಯಿ ಕೊಡಲು "ಪಾಸ್ ಸಿಗುತ್ತಾ ಗುರು?" ಎಂದು ಕೇಳುತ್ತೇವಲ್ಲ, ಇದು ಯಾವ ಅಭಿಮಾನ?

ನಮ್ಮ ಸಂಘಗಳೂ ಕಿವಿ ತೆರೆದು ಕೇಳಲಿ. ನವೆಂಬರ್ ಬಂದರೆ ಬಡಾವಣೆಗೊಂದು ರಾಜ್ಯೋತ್ಸವ, ಗಣೇಶನ ಹಬ್ಬಕ್ಕೆ ಬೀದಿಗೊಂದು ಆರ್ಕೆಸ್ಟ್ರಾ. ಚೆನ್ನೈನ ಡಿಸೆಂಬರಿಗೆ ಸಾಟಿಯಾಗಬಲ್ಲ ವೇದಿಕೆಗಳು ನಮ್ಮಲ್ಲಿ ಆಗಲೇ ಇವೆ! ಆದರೆ ಹಣವೆಲ್ಲ ಫ್ಲೆಕ್ಸಿಗೆ, ಶಾಮಿಯಾನಕ್ಕೆ, ಮುಖಂಡರ ಹಾರಕ್ಕೆ. ಭಾಷಣ ಮುಗಿದು ಮಕ್ಕಳು ತೂಕಡಿಸುವಾಗ ಹಾಡುವವರಿಗೆ ಮೈಕು. ರಾತ್ರಿ ಹತ್ತಕ್ಕೆ ಧ್ವನಿವರ್ಧಕ ನಿಲ್ಲಿಸಬೇಕು ಎಂಬ ಕಾನೂನು ಗೊತ್ತಿದ್ದೂ ಒಂಬತ್ತೂವರೆವರೆಗೆ ಸನ್ಮಾನ! ಸಂಭಾವನೆ ಕೇಳಿದರೆ "ಕನ್ನಡದ ಸೇವೆ ಅಲ್ವಾ ಸಾರ್" ಎಂಬ ಉತ್ತರ. ಹಾಡುವವನಿಗೂ ಮನೆ ಬಾಡಿಗೆ ಇದೆ ಸ್ವಾಮಿ. ಸೇವೆ ಹೊಟ್ಟೆ ತುಂಬಿಸುವುದಿಲ್ಲ.

ಈಗ ಹೊರಡುವವರಿಗೆ ಒಂದು ಸರಳ ಪರೀಕ್ಷೆ. ಎರಡೂ ಊರಿನಲ್ಲಿ ಹಬ್ಬವಿಲ್ಲದ ತಿಂಗಳಿನ ಒಂದು ವಾರ ಕಳೆಯಿರಿ. ಆ ಏಳು ದಿನದಲ್ಲಿ ಎಷ್ಟು ಸಂಜೆ ಹಾಡು ಕೇಳಿದಿರಿ? ಎಷ್ಟು ಖರ್ಚಾಯಿತು? ಮುಗಿದ ಮೇಲೆ ಮನೆಗೆ ಬರಲು ಬಸ್ಸೋ ಮೆಟ್ರೋ ಸಿಕ್ಕಿತೋ, ಆಟೋದವನ ಕೈಗೆ ಬಿದ್ದಿರೋ? ಹೆಸರಿಲ್ಲದ ಹೊಸಬರಿಗೆ ವೇದಿಕೆ ಇತ್ತೇ? ಹಾಡಿದ ಮಾತು ನಿಮ್ಮ ಎದೆಗೆ ಇಳಿಯಿತೇ? ಉತ್ತರಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ.

ಶಾಸ್ತ್ರೀಯ ಸಂಗೀತವೇ ಉಸಿರು, ಅದನ್ನೇ ಕಲಿತು ಅದರಲ್ಲೇ ಬದುಕುತ್ತೇನೆ ಎನ್ನುವವರಿಗೆ ಚೆನ್ನೈ ಇವತ್ತಿಗೂ ದೊಡ್ಡ ಗುರುಕುಲ. ಧೈರ್ಯವಾಗಿ ಹೋಗಿ. ತಮಿಳು ಕಲಿಯಿರಿ, ಆ ಊರಿನ ಅನ್ನ ಉಣ್ಣುವಾಗ ಆ ಊರಿನ ಮಾತಿಗೆ ಗೌರವ ಕೊಡಿ. ಇಲ್ಲಿಗೆ ಬರುವವರಿಂದ ನಾವು ಕೇಳುವುದೂ ಅದನ್ನೇ ಅಲ್ಲವೇ? ಆದರೆ ಎಲ್ಲ ಬಗೆಯ ಹಾಡೂ ಬೇಕು, ವರ್ಷವೆಲ್ಲ ಬೇಕು ಎನ್ನುವವರಿಗೆ ಬೆಂಗಳೂರಿಗಿಂತ ಒಳ್ಳೆಯ ಊರು ಹತ್ತಿರದಲ್ಲಿಲ್ಲ.

ನಿಮ್ಮ ಹಾಳೆ ಬೇರೆಯದನ್ನೇ ಹೇಳಿದರೆ ಹೊರಟುಬಿಡಿ, ತಕರಾರಿಲ್ಲ. ಆದರೆ ಹೊರಡುವ ಮುಂಚೆ ಇನ್ನೊಂದು ಲೆಕ್ಕವನ್ನೂ ಬರೆಯಿರಿ. ಕಳೆದ ಒಂದು ವರ್ಷದಲ್ಲಿ ನೀವು ಎಷ್ಟು ಕನ್ನಡ ಕಾರ್ಯಕ್ರಮಗಳಿಗೆ ದುಡ್ಡು ಕೊಟ್ಟು ಹೋಗಿದ್ದೀರಿ? ಸೊನ್ನೆ ಎಂದಾದರೆ, ಬೆಂಗಳೂರಲ್ಲಿ ಸಂಗೀತವಿಲ್ಲ ಎನ್ನುವ ಮಾತು ದಯವಿಟ್ಟು ಬೇಡ. ಈ ಶನಿವಾರ ಸಂಜೆಯೂ ಈ ಊರಿನಲ್ಲಿ ಎಲ್ಲೋ ಒಬ್ಬರು ಕನ್ನಡದಲ್ಲಿ ಹಾಡುತ್ತಿರುತ್ತಾರೆ. ಎದುರಿನ ಕುರ್ಚಿ ಖಾಲಿ ಇರುತ್ತದೆ. ಟಿಕೆಟ್ ಕೊಂಡು, ಇಬ್ಬರು ಗೆಳೆಯರನ್ನು ಕರೆದುಕೊಂಡು ಹೋಗಿ ಕೂರಿ!