ಹುಲಿ-ಕುರಿ ಆಟ ಕಲಿಯುವವರಿಗೆ ನಾಲ್ಕು ಮಾತು

ಹುಲಿ-ಕುರಿ ಆಟಕ್ಕೆ ಹೊಸದಾಗಿ ಕುಳಿತವನು ಮೊದಲು ಕೇಳುವುದು ಹುಲಿಯ ಪಕ್ಷವನ್ನೇ. ಇದು ಸಹಜ. ಹುಲಿಗೆ ಹಾರುವ, ಕೊಲ್ಲುವ ಅಧಿಕಾರವುಂಟು. ಕುರಿಯ ಪಾಲಿಗೆ ಸಾಯುವುದೊಂದೇ ಎಂದು ಅವನ ಎಣಿಕೆ. ಆದರೆ ಈ ಆಟವನ್ನು ನಿಜವಾಗಿ ಕಲಿಯಬೇಕೆನ್ನುವವನು ಮೊದಲು ಕುರಿಯ ಪಕ್ಷವನ್ನೇ ಹಿಡಿಯಬೇಕೆಂಬುದು ನನ್ನ ಅಭಿಪ್ರಾಯ.

ತಂಬ್ರಹಳ್ಳಿಯ ಸುತ್ತಿನವರಾದ ನಮಗೆ ಈ ಆಟ ಪರಕೀಯವಲ್ಲ. ಹಂಪೆಗೆ ಹೋದವರು ಅಲ್ಲಿನ ಹಾಸುಗಲ್ಲುಗಳ ಮೇಲೆ ಕೊರೆದ ಇದರ ಗೆರೆಗಳನ್ನು ಕಂಡಿರಬಹುದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪-೧೮೬೮) ತಮ್ಮ ‘ಶ್ರೀತತ್ತ್ವನಿಧಿ’ಯ ‘ಕೌತುಕನಿಧಿ’ ಎಂಬ ಭಾಗದಲ್ಲಿ ಮಣೆಯಾಟಗಳಿಗೆ ಸ್ಥಾನ ಕೊಟ್ಟರು. ಅರಸರೂ ಮಣೆಯ ಮುಂದೆ ಕುಳಿತು ಚಿಂತಿಸಿದ ನಾಡಿನಲ್ಲಿ ಇಂಥ ಆಟವನ್ನು ಬರಿಯ ಕಾಲಹರಣವೆಂದು ತಳ್ಳಿಬಿಡುವುದು ಸರಿಯೇ?

ನಿಯಮಗಳು ಊರಿಂದೂರಿಗೆ ಕೊಂಚ ಬೇರೆ. ಹೆಚ್ಚಾಗಿ ಕಾಣುವ ಒಂದು ಬಗೆಯಲ್ಲಿ ೨೩ ಮನೆ, ೩ ಹುಲಿ, ೧೫ ಕುರಿ. ಕುರಿಗಳನ್ನೆಲ್ಲ ಒಂದೊಂದಾಗಿ ಇಟ್ಟು ಮುಗಿಸುವವರೆಗೆ ಯಾವ ಕುರಿಯನ್ನೂ ಕದಲಿಸುವಂತಿಲ್ಲ. ಹುಲಿಗಳಾದರೋ ಅಷ್ಟರೊಳಗೆ ಓಡಾಡುತ್ತಿರುತ್ತವೆ. ಪಕ್ಕದ ಕುರಿಯ ಆಚೆ, ಅದೇ ಗೆರೆಯಲ್ಲಿ, ಮನೆ ಬರಿದಾಗಿದ್ದರೆ ಹುಲಿ ಹಾರಿ ಅದನ್ನು ತಿನ್ನುತ್ತದೆ. ಮೂರು ಹುಲಿಗಳೂ ಅಲುಗದಂತೆ ಕಟ್ಟಿಹಾಕಿದರೆ ಕುರಿಗಳಿಗೆ ಜಯ.

ಇನ್ನು ಲೆಕ್ಕ ನೋಡಿರಿ. ಒಂದು ಕುರಿಯೂ ಸಾಯದಿದ್ದರೆ ಕೊನೆಗೆ ಬರಿದಾಗಿ ಉಳಿಯುವ ಮನೆಗಳು ಐದೇ. ಒಂದು ಹೋದರೆ ಆರು, ಎರಡು ಹೋದರೆ ಏಳು. ಪ್ರತಿಯೊಂದು ಕುರಿಯ ಸಾವೂ ಹುಲಿಗೆ ಒಂದು ಹೊಸ ದಾರಿಯೇ ಸರಿ. ಆದುದರಿಂದ ಮೊದಲ ಕುರಿಗಳನ್ನು ಗೆರೆಗಳೆಲ್ಲ ಮುಗಿಯುವ ಮೂಲೆಯ ಮನೆಗಳಲ್ಲಿಡಿರಿ. ಅವುಗಳ ಆಚೆ ಹಾರಲು ಸ್ಥಳವೇ ಇಲ್ಲ. ಆಮೇಲೆ ಒಂದರ ಬೆನ್ನಿಗೆ ಒಂದನ್ನು ತಂದು ನಿಲ್ಲಿಸಿರಿ. ಒಂದೇ ಗೆರೆಯಲ್ಲಿ ಜೋಡಿಯಾಗಿ ನಿಂತ ಎರಡು ಕುರಿಗಳನ್ನು ಹುಲಿ ದಾಟಲಾರದು. ನಡುವಿನ ಮನೆಗಳ ಆಸೆಗೆ ಒಂಟಿ ಕುರಿಯನ್ನು ಕಳುಹಿಸಬೇಡಿರಿ. ಬೇಕೆಂದೇ ಒಂದು ಕುರಿಯನ್ನು ಬಲಿಗೊಡುವುದಾದರೆ, ತಿಂದ ಹುಲಿ ಬಂದು ಕೂರುವ ಮನೆಯಿಂದ ಅದಕ್ಕೆ ಹೊರದಾರಿಯಿಲ್ಲವೆಂದು ಖಚಿತ ಮಾಡಿಕೊಂಡ ಮೇಲೆಯೇ ಕೊಡಿರಿ.

ಹೀಗೆ ಕುರಿಯ ಕಷ್ಟವನ್ನು ಅರಿತವನು ಹುಲಿಯನ್ನು ಹಿಡಿದಾಗ ಅವನ ಆಟವೇ ಬೇರೆ. ಮೂರು ಹುಲಿಗಳನ್ನೂ ಅವನು ಒಂದೇ ಮೂಲೆಯಲ್ಲಿ ಗುಂಪುಗೂಡಿಸುವುದಿಲ್ಲ. ತಿನ್ನುವ ಮೊದಲು, ತಿಂದ ಮೇಲೆ ಎಲ್ಲಿಗೆ ಹೋಗಬೇಕೆಂಬುದನ್ನು ನೋಡುತ್ತಾನೆ.

ಈಗ ಪಳಗಿದ ಆಟಗಾರರಿಗೆ ಒಂದು ಮಾತು. ಹುಡುಗರು ಮೊಬೈಲಿನ ಯುದ್ಧದಾಟಗಳಿಗೆ ಮರುಳಾಗಿ ನಮ್ಮ ಆಟಗಳನ್ನು ಮರೆತರೆಂದು ಹಲವರು ಕೊರಗುತ್ತಾರೆ. ಈ ಕೊರಗನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಅಂಥ ಎಷ್ಟೋ ಆಟಗಳು ಆರಂಭದಲ್ಲಿ ಹೊಸಬನ ಕೈಹಿಡಿದು, ಇದನ್ನು ಹೀಗೆ ನಡೆಸು, ಇಲ್ಲಿ ಅಪಾಯವಿದೆ ಎಂದು ತೋರಿಸಿಕೊಡುತ್ತವೆ. ನಮ್ಮ ಜಗಲಿಯ ಮೇಲೆ ನಡೆಯುವುದೇನು? ಬಲ್ಲವನು ಹುಲಿಯನ್ನು ತಾನಿಟ್ಟುಕೊಂಡು, ಹೊಸಬನನ್ನು ಐದು ನಿಮಿಷದಲ್ಲಿ ಸೋಲಿಸಿ, ಸುತ್ತ ನಿಂತವರೊಡನೆ ನಕ್ಕುಬಿಡುತ್ತಾನೆ. ಸೋತವನಿಗೆ ಸೋಲು ಗೊತ್ತಾಯಿತೇ ಹೊರತು ಸೋತ ಕಾರಣ ಗೊತ್ತಾಗಲಿಲ್ಲ. ಮರುದಿನ ಅವನು ಆ ಕಡೆ ಸುಳಿಯದಿದ್ದರೆ ತಪ್ಪು ಯಾರದು?

ಗೆದ್ದವನು ಕಾಯಿಗಳನ್ನು ಹಿಂದಕ್ಕಿಟ್ಟು, ‘ನೋಡಪ್ಪ, ನಿನ್ನ ಆಟ ಕೆಟ್ಟದ್ದು ಇಲ್ಲಿ’ ಎಂದು ತೋರಿಸಲಿ. ಇದಕ್ಕೆ ಹಣ ಬೇಡ, ಸಭೆ ಬೇಡ. ನೆಲದ ಮೇಲೆ ಸೀಮೆಸುಣ್ಣದ ಗೆರೆ, ಹದಿನೆಂಟು ಕಲ್ಲು, ಸ್ವಲ್ಪ ತಾಳ್ಮೆ ಇದ್ದರೆ ಸಾಕು. ಸೋತ ಕಾರಣ ತಿಳಿದವನು ಮತ್ತೆ ಆಡಲು ಬರುತ್ತಾನೆ. ಪಾಠದ ಕೊಠಡಿಗೂ ಈ ಮಾತು ಸಲ್ಲುವುದೆಂದು ನಾನು ಬೇರೆ ಹೇಳಬೇಕಾಗಿಲ್ಲ.